ಪೂರ್ವದ ಗೋಡೆಯ ಮೂಲೆ

ಪುರಾತತ್ವದ ಕೆಲಸಕ್ಕೆ ಬಂದ ಲೌರಿ ತಮ್ಮ ವೆಲ್ಷ್ ಭಾಷೆಯವಳು ಎಂಬ ಒಂದೇ ಕಾರಣಕ್ಕೆ ತೆಗ್ವೆನ್ ಅವಳಿಗೆ ಗೇಟು ತೆರೆದಳು. ಹಿಂದೆ ಇದೇ ಕೆಲಸಕ್ಕೆ ಬಂದಿದ್ದ ಇಬ್ಬರು ಇಂಗ್ಲಿಷಿನವರನ್ನು ಅಲ್ಲಿಂದಲೇ ವಾಪಸು ಕಳಿಸಿದ್ದಳು. ಈ ಹುಡುಗಿ ಅಚ್ಚ ವೆಲ್ಷ್‌ನಲ್ಲಿ, ಅದೂ ಪಕ್ಕದ ಕಣಿವೆಯ ರಾಗದಲ್ಲಿ ಕೇಳಿದಳು: "ಆಂಟಿ, ನಿಮ್ಮ ಹೊಲದ ಪಾಳು ಚರ್ಚು ಅಳತೆ ಮಾಡ್ಕೊಳ್ಲಾ? ಆಮೇಲೆ ಮೇಲಿನ ಒರತೇನೂ ನೋಡ್ಬೇಕು."

"ಅಳೆದು ಏನ್ ಮಾಡ್ತೀಯ? ಏಳ್ನೂರು ವರ್ಷದಿಂದ ಅಲ್ಲೇ ಬಿದ್ದಿದೆ, ಎಲ್ಲಿಗೂ ಓಡಿಹೋಗಲ್ಲ ಬಿಡು" ಎಂದು ಗಂಡ ಇಥೆಲ್ ಟ್ರ್ಯಾಕ್ಟರಿನ ಮೇಲಿಂದ ನಕ್ಕ.

ಆ ವಸಂತವೆಲ್ಲ ಲೌರಿ ಬಂದು ಹೋದಳು. ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ಚಹಾ, ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡು. ಒರತೆಯ ನೀರಿನಿಂದ ಕಣ್ಣುಬೇನೆ ವಾಸಿಯಾಗುತ್ತಿತ್ತೆಂದು ಅಜ್ಜಿ ಹೇಳುತ್ತಿದ್ದುದನ್ನು, ಹುಡುಗಿಯರು ಅದರಲ್ಲಿ ಗುಂಡುಸೂಜಿ ಎಸೆದು ಮದುವೆಯ ಹರಕೆ ಹೊರುತ್ತಿದ್ದುದನ್ನು ತೆಗ್ವೆನ್ ಹೇಳಿದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಹಾಗೆ ಕುಳಿತು ಕೇಳುವವರು ಯಾರೂ ಇರಲಿಲ್ಲ.

ಒಂದು ದಿನ ಲೌರಿ ಚರ್ಚಿನ ಪೂರ್ವದ ಗೋಡೆಯ ಹೊರಗೆ ಅಗೆತಕ್ಕೆ ಗುರುತು ಹಾಕಲು ಗೂಟ ಹೊಡೆದು ದಾರ ಕಟ್ಟುತ್ತಿದ್ದಳು. ತೆಗ್ವೆನ್ ಏದುಸಿರು ಬಿಡುತ್ತ ಬಂದು ಅವಳ ಕೈ ಹಿಡಿದಳು.

"ಇಲ್ಲಿ ಬೇಡ ಮಗಳೇ. ಬೇರೆ ಎಲ್ಲಾದ್ರೂ ಅಗಿ."

"ಯಾಕೆ ಆಂಟಿ?"

ಹುಲ್ಲಿನ ಮೇಲೆಯೇ ಕುಳಿತು ತೆಗ್ವೆನ್ ಹೇಳಿದಳು. ಹದಿನೇಳನೇ ವಯಸ್ಸಿನಲ್ಲಿ ಅವಳು ಬಸುರಾಗಿದ್ದಳು. ಕಾರಣನಾದವನು ಹಡಗಿನ ಕೆಲಸಕ್ಕೆ ಸೇರಿ ಹೋಗಿಬಿಟ್ಟಿದ್ದ. ಮಗು ಸತ್ತೇ ಹುಟ್ಟಿತು. ಊರಿನ ಸ್ಮಶಾನಕ್ಕೆ ಒಯ್ದರೆ ಹತ್ತು ಜನಕ್ಕೆ ಗೊತ್ತಾಗುತ್ತಿತ್ತು. ಹೊಲ ಆಗ ಅಪ್ಪನದು; ಅವನು ಅದನ್ನು ಬೆಣ್ಣೆಯ ಪೆಟ್ಟಿಗೆಯಲ್ಲಿ ಮಲಗಿಸಿ ಈ ಮೂಲೆಯಲ್ಲಿ ಹೂತ. ದೀಕ್ಷಾಸ್ನಾನವಾಗದ, ಹೆಸರಿಲ್ಲದ ಕೂಸುಗಳಿಗೆ ಹಿಂದಿನಿಂದಲೂ ಇದೇ ಜಾಗವಂತೆ. ಹೂತು ಬಂದವನು ಕೈ ತೊಳೆದು, "ಚರ್ಚಿನ ಸೂರಿನ ನೀರು ಬೀಳೋ ಜಾಗ, ಅದೇ ಅದರ ದೀಕ್ಷೆ" ಎಂದಿದ್ದ. ಚರ್ಚಿಗೆ ಆಗಲೇ ಸೂರು ಇರಲಿಲ್ಲ.

"ಇಥೆಲ್‌ಗೂ ಗೊತ್ತಿಲ್ಲ. ಮೊದಲ ವರ್ಷ ಹೇಳೋಕೆ ಧೈರ್ಯ ಬರಲಿಲ್ಲ, ಆಮೇಲೆ ತಡವಾಗಿಹೋಯ್ತು."

ಲೌರಿಯ ಕಣ್ಣು ತುಂಬಿತ್ತು. "ನನ್ನ ಬಾಯಿಂದ ಹೊರಗೆ ಹೋಗಲ್ಲ ಆಂಟಿ" ಎಂದಳು. ಗೂಟಗಳನ್ನು ತಾನೇ ಕಿತ್ತಳು. ಬೇಸಿಗೆಯಲ್ಲಿ ಅಗೆತ ನಡೆದಾಗಲೂ ಆ ಮೂಲೆಯನ್ನು ಯಾರೂ ಮುಟ್ಟಲಿಲ್ಲ. ಐವತ್ತು ವರ್ಷದ ಭಾರ ಅರ್ಧ ಇಳಿದಂತೆ ತೆಗ್ವೆನ್ ಹಗುರಾದಳು.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಊರಿನ ಸಭಾಮನೆಯಲ್ಲಿ ಪಾಳು ಚರ್ಚಿನ ಬಗ್ಗೆ ಲೌರಿಯ ಭಾಷಣವಿತ್ತು. ತೆಗ್ವೆನ್ ಎರಡು ತಟ್ಟೆ ಕೇಕು ಮಾಡಿಕೊಂಡು ಹೋಗಿ ಇಥೆಲ್ ಜೊತೆ ಮುಂದಿನ ಸಾಲಿನಲ್ಲಿ ಕುಳಿತಳು. ಪರದೆಯ ಮೇಲೆ ಅವರ ಹೊಲ ಮೂಡಿದಾಗ ಇಥೆಲ್ ಅವಳನ್ನು ಮೊಣಕೈಯಿಂದ ತಿವಿದು, "ನೋಡು, ನಮ್ಮ ಕುರಿಗಳೂ ಸಿನಿಮಾಕ್ಕೆ ಬಂದ್ವು" ಎಂದ.

ಲೌರಿ ಪೂರ್ವದ ಗೋಡೆಯ ಚಿತ್ರ ತೋರಿಸಿದಳು. ದೀಕ್ಷೆಯಾಗದ ಕೂಸುಗಳನ್ನು ಇಲ್ಲಿ ಹೂಳುವ ಮಧ್ಯಯುಗದ ಪದ್ಧತಿ ತೀರಾ ಇತ್ತೀಚಿನವರೆಗೂ ಉಳಿದಿತ್ತು ಎಂದಳು. "ಒಬ್ಬ ತಾಯಿಯ ಮಾತಿನಲ್ಲೇ ಕೇಳಿ" ಎಂದು ಹಾಳೆ ತೆಗೆದು ಓದಿದಳು. ಬೆಣ್ಣೆಯ ಪೆಟ್ಟಿಗೆ. ಸೂರಿನ ನೀರು. ಅಪ್ಪ ಕೈ ತೊಳೆದದ್ದು. ಒಂದೂ ಮಾತು ಬಿಟ್ಟಿರಲಿಲ್ಲ.

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಹೊಲದಲ್ಲಿ ಹುಟ್ಟಿ ಬೆಳೆದ ಹೆಣ್ಣು ಇಡೀ ಕಣಿವೆಯಲ್ಲಿ ಒಬ್ಬಳೇ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಇಥೆಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವನ ಮೊಣಕೈ ಅವಳಿಂದ ದೂರ ಸರಿಯಿತು.

ಭಾಷಣ ಮುಗಿದ ಮೇಲೆ ತೆಗ್ವೆನ್ ನೇರ ಲೌರಿಯ ಬಳಿ ಹೋದಳು.

"ನಿಮ್ಮ ಹೆಸರು ಎಲ್ಲೂ ಹಾಕಿಲ್ಲ ಆಂಟಿ" ಎಂದು ಹುಡುಗಿ ತಾನೇ ಮೊದಲು ಹೇಳಿದಳು. "ಇಂಥದ್ದು ಬೇರೆಲ್ಲೂ ದಾಖಲಾಗಿಲ್ಲ. ನಿಮ್ಮಂಥ ಎಷ್ಟೋ ತಾಯಂದಿರು..."

"ನಾನು ನಿನಗೆ ಹೇಳಿದ್ದು. ಎಷ್ಟೋ ತಾಯಂದಿರಿಗಲ್ಲ."

"ಇದು ನಮ್ಮ ಜನರ ಚರಿತ್ರೆ ಆಂಟಿ."

"ಅವತ್ತು ಅಳ್ತಾ ಕೂತಿದ್ದೆಯಲ್ಲ, ಆಗ್ಲೇ ಬರ್ಕೊಂಡ್ಯಾ? ಇಲ್ಲ, ಮನೆಗೆ ಹೋಗಿ ಬರೆದ್ಯಾ?"

ಲೌರಿ ಕೈಯಲ್ಲಿದ್ದ ಹಾಳೆಗಳನ್ನು ಚೀಲಕ್ಕೆ ತುರುಕಿದಳು. ತೆಗ್ವೆನ್ ಯಾರೂ ಮುಟ್ಟದ ಕೇಕಿನ ತಟ್ಟೆಗಳನ್ನು ಎತ್ತಿಕೊಂಡು ಹೊರಬಂದಳು.

ಇಥೆಲ್ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಊಟದ ಮೇಜಿನಲ್ಲಿ ಚಾಕು ಕೆಳಗಿಟ್ಟ.

"ನಲವತ್ತಾರು ವರ್ಷ ಜೊತೆಗೆ ಬಾಳಿದ್ದೀನಿ. ಎರಡು ತಿಂಗಳು ಚಹಾ ಕುಡಿದವಳಿಗೆ ಹೇಳ್ದೆ."

"ನೀನು ಬಿಟ್ಟುಹೋಗ್ತೀಯ ಅಂತ ಹೆದರಿದ್ದೆ."

"ಹೋಗ್ತಿದ್ನೋ ಇಲ್ವೋ, ಅದನ್ನ ನನಗೆ ಬಿಡಬೇಕಿತ್ತು." ಆಮೇಲೆ ಕೇಳಿದ, "ಗಂಡೋ ಹೆಣ್ಣೋ?"

"ಹೆಣ್ಣು."

ಅವನು ತಟ್ಟೆ ಸರಿಸಿ ಕುರಿಗಳ ಕಡೆಗೆ ಹೋದ. ಚಳಿಗಾಲ ಪೂರ್ತಿ ಹಿಂದಿನ ಕೋಣೆಯಲ್ಲೇ ಮಲಗಿದ. ಕುರಿಗಳು ಮರಿ ಹಾಕುವ ಕಾಲಕ್ಕೆ ಇಬ್ಬರೂ ಸರದಿಯಲ್ಲಿ ಎದ್ದಿರಬೇಕಾಗಿ ಬಂತು. ಆಗ ಮಾತು ಮತ್ತೆ ಶುರುವಾಯಿತು, ಮೊದಲಿನಷ್ಟಲ್ಲ.

ಮೇ ತಿಂಗಳಲ್ಲಿ ಲೌರಿ ಒರತೆಯ ಅಳತೆಗೆಂದು ಬಂದು ಗೇಟಿನಾಚೆ ನಿಂತಳು.

"ನನ್ನ ಪುಸ್ತಕ ಅಚ್ಚಿಗೆ ಹೋಗ್ತಿದೆ, ಅದರಿಂದ ಆ ಪುಟ ತೆಗೆಸಿದ್ದೀನಿ ಆಂಟಿ. ಕ್ಷಮಿಸಿ."

"ಊರಿನವರ ಕಿವಿಯಿಂದ ತೆಗೆಸ್ತೀಯಾ?" ಎಂದಳು ತೆಗ್ವೆನ್. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಮೇಲೆ ನನಗೆ ಜೀವ ಇತ್ತು ಕಣೇ. ಇಂಗ್ಲಿಷಿನವರಾಗಿದ್ರೆ ಇಷ್ಟು ನೋವಾಗ್ತಿರಲಿಲ್ಲ."

ಲೌರಿ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ತೆಗ್ವೆನ್ ಗೇಟು ತೆರೆಯದೆ ಮನೆಯತ್ತ ತಿರುಗಿದಳು. ಕೋಳಿಗಳಿಗೆ ಇನ್ನೂ ಕಾಳು ಹಾಕಿರಲಿಲ್ಲ.