ನಾಯಕನ ಬದಲಿಗೆ ಹಾರಿದ ಪ್ಲಾಸಿದೊ

ಚಿತ್ರಕಥೆಯಲ್ಲಿ ಇದ್ದದ್ದು ಹೆಲಿಕಾಪ್ಟರ್. ನಾಯಕ ಬಿದಿರಿನ ಸೆರೆಮನೆಗೆ ಬೆಂಕಿಯಿಟ್ಟು, ಕಾವಲುಗಾರರನ್ನೆಲ್ಲ ಒದ್ದು ಕೆಡವಿ, ಹಗ್ಗದ ಏಣಿ ಹಿಡಿದು ಆಕಾಶಕ್ಕೆ ಏರಿಹೋಗಬೇಕಿತ್ತು. ಸೈನ್ಯದವರು ಕೊಡುತ್ತೇವೆಂದಿದ್ದ ಹೆಲಿಕಾಪ್ಟರಿಗೆ ಅಷ್ಟರಲ್ಲಿ ಬೇರೆ ಕೆಲಸ ಬಿತ್ತು. ನಿರ್ದೇಶಕ ಕ್ರೆಬ್ಸ್ ಬೆಳಗಿನ ಕಾಫಿ ಹೀರುತ್ತ, ಹಾಗಾದರೆ ಸೇತುವೆಯಿಂದ ಹೊಳೆಗೆ ಹಾರಲಿ ಬಿಡಿ ಎಂದುಬಿಟ್ಟ.

ಹೀಗೆ ಹೇಳಿದ ಮಾತನ್ನು ಮಾಡಿ ತೋರಿಸುವುದು ಎಲ್ಯುತೆರಿಯೊನ ಕೆಲಸ. ಎಲ್ಲರೂ ಅವನನ್ನು ತೆರ್ಯೊ ಎಂದು ಕರೆಯುತ್ತಿದ್ದರು. ಪ್ರಾಯದಲ್ಲಿ ಚಿತ್ರಗಳಿಗಾಗಿ ತಾನೇ ಮಹಡಿಗಳಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ ಮನುಷ್ಯ. ಈಗ ಒಂದು ತಂಡ ಕಟ್ಟಿಕೊಂಡು ಹೊಡೆದಾಟ ಕಲಿಸುತ್ತಿದ್ದ. ಅಮೆರಿಕದಿಂದ ಬರುವ ಕಡಿಮೆ ಖರ್ಚಿನ ಹೊಡೆದಾಟದ ಚಿತ್ರಗಳಿಗೆಲ್ಲ ಮನಿಲಾದಲ್ಲಿ ಇವನ ತಂಡವೇ ಬೇಕು. ಅದೇ ಹುಡುಗರು ಬೆಳಿಗ್ಗೆ ಕಳ್ಳಸಾಗಣೆಯವರಾಗಿ ಸಾಯುತ್ತಿದ್ದರು, ಮಧ್ಯಾಹ್ನ ಟೋಪಿ ಬದಲಿಸಿ ಪೊಲೀಸರಾಗಿ ಸಾಯುತ್ತಿದ್ದರು. ಸಕ್ಕರೆ ಪಾಕಕ್ಕೆ ಕೆಂಪು ಕಲಸಿದ ರಕ್ತಕ್ಕೆ ಇರುವೆ ಮುತ್ತಿ, ಸತ್ತವರು ನಡುವೆಯೇ ಎದ್ದು ಮೈ ಕೆರೆದುಕೊಂಡ ದಿನಗಳೂ ಇದ್ದವು.

ತೆರ್ಯೊ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದ. ಮಳೆಗಾಲ ಆಗಷ್ಟೇ ಕಳೆದಿತ್ತು. ಲಗುನಾ ಸೀಮೆಯ ಸರೋವರಕ್ಕೆ ಇಳಿಯುವ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ತಳ ಕಾಣುವಂತಿರಲಿಲ್ಲ. ಉದ್ದದ ಬಿದಿರು ಇಳಿಸಿ ನೋಡಿದ, ಆಳ ಇತ್ತು. ಎತ್ತರದಿಂದ ಹಾರುವುದರಲ್ಲಿ ಪಳಗಿದವನು ಜ್ವರ ಬಂದು ಮನಿಲಾದಲ್ಲಿ ಮಲಗಿದ್ದ. ಉಳಿದವರಲ್ಲಿ ನಾಯಕನ ಎತ್ತರಕ್ಕೆ ಹತ್ತಿರ ಬರುವವನು ಒಬ್ಬನೇ, ತೆರ್ಯೊನ ಹೆಂಡತಿಯ ತಮ್ಮ ಪ್ಲಾಸಿದೊ.

ಪ್ಲಾಸಿದೊನನ್ನು ಕೇಳಿದರೆ ಆಗುವುದಿಲ್ಲ ಎನ್ನುತ್ತಿರಲಿಲ್ಲ. ಆ ಮಾತು ಅವನಿಗೆ ಬರುತ್ತಲೇ ಇರಲಿಲ್ಲ. ಯಾರದೋ ಬಿದಿರಿನ ಗುಡಿಸಲನ್ನೇ ಹೊತ್ತು ಸಾಗಿಸಬೇಕೇ, ಯಾರದೋ ಕೋಳಿ ಹುಡುಕಬೇಕೇ, ಹೂಂ ಎಂದು ಹೊರಡುವವನು. ಸೇತುವೆಯಿಂದ ಹಾರುತ್ತೀಯಾ ಎಂದು ತೆರ್ಯೊ ಕೇಳಿದಾಗಲೂ ಕೆಳಗೆ ಒಮ್ಮೆ ಬಗ್ಗಿ ನೋಡಿ ಹೂಂ ಎಂದ.

ನಾಯಕನ ಹೆಸರು ಥ್ಯಾಡಿಯಸ್ ಬಾಯ್ಕಿನ್. ಸೇಂಟ್ ಲೂಯಿಸ್ ಊರಿನ ಕಪ್ಪು ಅಮೆರಿಕನ್, ಕರಾಟೆಯಲ್ಲಿ ಹೆಸರು ಮಾಡಿ ಚಿತ್ರಕ್ಕೆ ಬಂದವನು. ಅವನಂತೆ ಕಾಣಬೇಕೆಂದು ಪ್ಲಾಸಿದೊನ ಮುಖಕ್ಕೆ, ಕೈಗೆ, ಎದೆಗೆ ಕಪ್ಪು ಬಣ್ಣ ಬಳಿದರು. ತಲೆಗೆ ದೊಡ್ಡ ಗುಂಗುರು ಕೂದಲಿನ ಟೋಪನ್ ಇಟ್ಟರು. ಬಾಯ್ಕಿನ್ ದೂರದಿಂದ ಅದನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದ.

ಹಾರುವಿಕೆ ಚೆನ್ನಾಗಿಯೇ ಆಯಿತು. ಸೇತುವೆಯ ತುದಿಯಲ್ಲಿ ಪಟಾಕಿ ಮದ್ದು ಢಮ್ಮೆಂದಿತು, ಹೊಗೆಯೊಳಗಿಂದ ಪ್ಲಾಸಿದೊ ಎರಡೂ ಕೈ ಚಾಚಿ ಹಾರಿದ, ನೀರು ಮೇಲೆದ್ದಿತು. ಕ್ರೆಬ್ಸ್ ಕಟ್ ಎಂದು ಕೂಗಿದ. ತಂಡದವರು ಚಪ್ಪಾಳೆ ತಟ್ಟಿ ಕಾದರು. ಸ್ವಲ್ಪ ಹೊತ್ತಿಗೆ ಹೊಳೆಯ ನಡುವೆ ಕಪ್ಪು ತಲೆಯೊಂದು ತೇಲಿತು. ಒಬ್ಬ ಧುಮುಕಿ ಈಜಿಹೋಗಿ ಅದನ್ನು ಎತ್ತಿ ಹಿಡಿದ. ಬರೀ ಟೋಪನ್.

ಆಮೇಲೆ ಚಪ್ಪಾಳೆಯಿಲ್ಲ. ತೆರ್ಯೊ ಗಂಟಲು ಹರಿಯುವಂತೆ ಪ್ಲಾಸಿದೊನ ಹೆಸರು ಕೂಗಿದ. ಎಂಟು ಹತ್ತು ಜನ ನೀರಿಗಿಳಿದು ಸೇತುವೆಯ ಕಂಬಗಳ ಬುಡವನ್ನೆಲ್ಲ ತಡಕಿದರು. ಮುಳುಗಿದ ಮರದ ದಿಮ್ಮಿಯೊಂದು ಕೈಗೆ ಸಿಕ್ಕಿತು. ತೆರ್ಯೊ ಬಿದಿರು ಇಳಿಸಿ ನೋಡಿದ ಜಾಗದಿಂದ ಒಂದು ಮಾರು ಆಚೆಗೆ ಅದು ಇತ್ತು.

ತಂಡಕ್ಕೆಲ್ಲ ಅಡುಗೆ ಮಾಡುತ್ತಿದ್ದವಳು ಅವನ ಹೆಂಡತಿ ಕೊರ್ದಿಂಗ್. ತಾಯಿ ಸತ್ತ ಮೇಲೆ ಪ್ಲಾಸಿದೊನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಲೆಯ ಹತ್ತಿರ ಹೋಗಿ ತೆರ್ಯೊ, ಪ್ಲಾಸಿದೊನನ್ನು ಮೊಳೆ ತರಲು ಪೇಟೆಗೆ ಕಳಿಸಿದ್ದೇನೆ, ಊಟಕ್ಕೆ ಕಾಯಬೇಡ ಎಂದ.

"ಸುಳ್ಳು ಹೇಳೋವಾಗ ಮೂಗು ಉಜ್ಜಿಕೋಬೇಡ," ಎಂದಳು ಅವಳು. "ಎಲ್ಲಿ ಅವನು?"

ಅವನು ಹೇಳಿದ. ಅವಳು ಸೌಟನ್ನು ಪಾತ್ರೆಯೊಳಗೇ ಬಿಟ್ಟು ಅಕ್ಕಿ ಮೂಟೆಯ ಮೇಲೆ ಕೂತಳು. ಅಳಲಿಲ್ಲ. "ಹುಡುಕ್ಕೊಂಡು ಬಾ," ಎಂದಳು. "ಹೇಗಿದ್ರೂ ಸರಿ, ಕರ್ಕೊಂಡೇ ಬಾ."

ಆ ಹೇಗಿದ್ದರೂ ಎಂಬ ಮಾತು ಹೊತ್ತುಕೊಂಡೇ ತೆರ್ಯೊ ದೋಣಿ ಹತ್ತಿದ. ದೋಣಿಯವನು ಹುಟ್ಟು ಹಾಕುವಷ್ಟರಲ್ಲಿ ಬಾಯ್ಕಿನ್ ಓಡಿ ಬಂದ. ಚಿತ್ರದ ಕೆಂಪು ಅಗಲ ಪ್ಯಾಂಟು, ಎದೆ ತೆರೆದ ತೊಗಲಿನ ಜಾಕೀಟು ಇನ್ನೂ ಮೈಮೇಲೇ ಇದ್ದವು. ಕ್ರೆಬ್ಸ್ ಹಿಂದಿನಿಂದ ಬೇಡ ಬೇಡ ಎಂದು ಕೂಗುತ್ತಿದ್ದರೂ ಕೇಳದೆ ದೋಣಿಯ ನಟ್ಟನಡುವೆ ಕೂತು ಎರಡೂ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

ಪ್ರವಾಹ ಅವರನ್ನು ಬೇಗನೇ ಕೆಳಕ್ಕೆ ಒಯ್ದಿತು. ತೆಂಗಿನ ತೋಟ ಕಳೆಯಿತು, ಬಟ್ಟೆ ಒಗೆಯುವ ಕಲ್ಲುಗಳು ಕಳೆದವು. ಎಲ್ಲಿ ಕಸ ಸಿಕ್ಕಿಹಾಕಿಕೊಂಡಿದ್ದರೂ ತೆರ್ಯೊ ಬಿದಿರಿನಿಂದ ಚುಚ್ಚಿ ನೋಡುತ್ತಿದ್ದ. ಪ್ರತಿ ಸಲ ಚುಚ್ಚುವ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸತ್ತ ನಾಯಿ ಒಂದು ಸಿಕ್ಕಿತು, ಬಾಳೆ ದಿಂಡುಗಳು ಸಿಕ್ಕವು.

ಬಾಯ್ಕಿನ್ ದೋಣಿಯ ಅಂಚು ಬಿಡದೆಯೇ ಬಾಯಿಬಿಟ್ಟ. ಹತ್ತು ವರ್ಷ ಅಮೆರಿಕದ ಚಿತ್ರದವರ ಜೊತೆ ಇದ್ದ ತೆರ್ಯೊಗೆ ಅವನ ಇಂಗ್ಲಿಷು ಅರ್ಥವಾಗುತ್ತಿತ್ತು.

"ನಂಗೆ ಈಜು ಬರಲ್ಲ ಮೇಷ್ಟ್ರೆ. ಅದನ್ನ ಯಾರಿಗೂ ಹೇಳಿಲ್ಲ. ನಾನೇ ಹಾರ್ತೀನಿ ಅಂತ ನಾಟಕ ಮಾಡ್ದೆ, ಬೇಡ ಅಂತಾರೆ ಅಂತ ಗೊತ್ತಿತ್ತು."

ಈಜು ಬಾರದಿದ್ದ ಮೇಲೆ ದೋಣಿ ಯಾಕೆ ಹತ್ತಿದೆ ಎಂದು ತೆರ್ಯೊ ಕೇಳಿದ.

"ಬೆಳಿಗ್ಗೆ ಅವನ ಮುಖಕ್ಕೆ ಬಳಿಯೋದನ್ನ ನೋಡ್ದೆ. ನಮ್ಮೂರಲ್ಲಿ ಬಿಳಿಯರು ನಮ್ಮನ್ನ ಆಡಿಕೊಳ್ಳೋಕೆ ಹಾಗೆ ಬಳ್ಕೊಂಡು ಕುಣೀತಿದ್ರು. ನಮ್ಮಜ್ಜ ಅದನ್ನ ಹೇಳ್ಕೊಂಡು ಹಲ್ಲು ಕಡಿಯೋರು. ಇವನು ಬಳ್ಕೊಂಡಿದ್ದು ನನ್ನ ಕತ್ತು ಮುರೀದೇ ಇರ್ಲಿ ಅಂತ. ಸಿಟ್ಟು ಮಾಡ್ಕೊಳ್ಳೋದೋ ಕೈ ಮುಗಿಯೋದೋ ಗೊತ್ತಾಗ್ಲಿಲ್ಲ. ಎದ್ದು ಹೋಗಿಬಿಟ್ಟೆ. ಒಂದು ಮಾತು ಆಡಿಸ್ಲಿಲ್ಲ ಅವನನ್ನ."

ತೆರ್ಯೊ ಕತ್ತು ಹೊರಳಿಸಿದ. ಅವನಿಗೆ ಹೊಳೆಯ ಅಂಚಿನ ಜೊಂಡಿನ ಆಚೆಯಿಂದ ಗಿಟಾರಿನ ಸದ್ದು ಕೇಳಿಸಿತ್ತು.

ಅಲ್ಲೊಂದು ಸಣ್ಣ ಹಳ್ಳಿ. ಒಂದು ಮನೆಯ ಮುಂದೆ ತಾಡಪಾಲು ಕಟ್ಟಿ ಮಗುವಿನ ನಾಮಕರಣದ ಊಟ ಹಾಕುತ್ತಿದ್ದರು. ನೀರಿನಲ್ಲಿ ಯಾರಾದರೂ ತೇಲಿಬಂದರೇ ಎಂದು ಕೇಳೋಣವೆಂದು ತೆರ್ಯೊ ದೋಣಿ ದಡಕ್ಕೆ ಹಚ್ಚಿಸಿದ. ಕೇಳುವ ಅಗತ್ಯ ಬರಲಿಲ್ಲ. ತಾಡಪಾಲಿನ ಕೆಳಗೆ, ಹಿರಿಯರಿಗೆಂದು ಇಟ್ಟ ತೋಳು ಕುರ್ಚಿಯಲ್ಲಿ, ಹೂವಿನ ಚಾದರ ಹೊದ್ದು, ತೊಡೆಯ ಮೇಲೆ ಸುಟ್ಟ ಹಂದಿಯ ಗರಿಗರಿ ಚರ್ಮದ ತಟ್ಟೆಯಿಟ್ಟುಕೊಂಡು ಪ್ಲಾಸಿದೊ ಕೂತಿದ್ದ. ಅರ್ಧ ಮುಖ ಕಪ್ಪಗಿತ್ತು, ಅರ್ಧ ಎಣ್ಣೆಯಿಂದ ಹೊಳೆಯುತ್ತಿತ್ತು.

ತೆರ್ಯೊ ನಿಂತಲ್ಲೇ ನಿಂತ. ಬಾಯ್ಕಿನ್ ಅವನ ತೋಳು ಹಿಡಿದುಕೊಂಡ.

ಬಂದವರಿಗೆಲ್ಲ ಕತೆ ಹೇಳುವ ಹಕ್ಕು ಇಸ್ಯಾಂಗ್ ಅಜ್ಜಿಯದು. ಮೂಳೆ ಕೂರಿಸುವ, ಮೈ ನೀವುವ ಮುದುಕಿ. ಮೊದಲು ಕಂಡವಳೂ ಅವಳೇ. ಢಮ್ಮೆಂದ ಸದ್ದು ಹಳ್ಳಿಗೂ ಕೇಳಿಸಿತ್ತು. ಆಮೇಲೆ ನೋಡಿದರೆ ಕರಕಲಾದ ಮನುಷ್ಯನೊಬ್ಬ ಜೊಂಡು ಹಿಡಿದು ದಡ ಹತ್ತುತ್ತಿದ್ದಾನೆ. ಪೂರ್ತಿ ಸುಟ್ಟುಹೋಗಿದ್ದಾನೆಂದು ಅಳುತ್ತ ಅಳುತ್ತ ತೆಂಗಿನೆಣ್ಣೆ ಸವರಿದಳಂತೆ. ಸವರಿದಂತೆ ಚರ್ಮವೆಲ್ಲ ಕೈಗೇ ಬಂತು.

"ನನ್ನ ಜೀವ ಬಾಯಿಗೆ ಬಂತು ಕಣಪ್ಪಾ," ಎಂದಳು. "ಆಮೇಲೆ ನೋಡಿದ್ರೆ ಒಳಗೆ ಇನ್ನೊಬ್ಬ, ನಮ್ಮಂಥೋನೇ, ಹಲ್ಲು ಕಿರೀತಾ ಕೂತವ್ನೆ. ಬೇಕಿಲ್ದೆ ಒಂದು ಬಾಟ್ಲಿ ಎಣ್ಣೆ ಖರ್ಚಾಯ್ತು."

ನಾಮಕರಣದ ದಿನವೇ ಹೊಳೆಯಿಂದ ಜೀವಂತ ಎದ್ದುಬಂದವನು ಮಗುವಿಗೆ ಶುಭ ಎಂದು ಮನೆಯವರು ಅವನನ್ನು, ಚರ್ಚಿನ ಲೆಕ್ಕದಲ್ಲಿ ಮಗುವಿನ ಹೊಣೆ ಹೊರುವ ಧರ್ಮತಂದೆಯಾಗೆಂದು ಕೇಳಿದ್ದರು. ಪ್ಲಾಸಿದೊ ಅದಕ್ಕೂ ಹೂಂ ಎಂದಿದ್ದ.

ತೆರ್ಯೊ ಅವನನ್ನು ಮನೆಯ ಹಿಂದೆ, ಹಂದಿ ಸುಟ್ಟ ಗುಂಡಿಯ ಹತ್ತಿರ ಕರೆದುಕೊಂಡು ಹೋದ. ಹೊಡೆಯಲೆಂದೇ ಕೈ ಎತ್ತಿದ. ಆ ಕೈ ಹೋಗಿ ಹುಡುಗನ ಕತ್ತಿನ ಮೇಲೆ ಕೂತಿತು, ಅಲ್ಲಿಂದ ಏಳಲೇ ಇಲ್ಲ. ನಿನ್ನಕ್ಕ ಅಕ್ಕಿ ಮೂಟೆಯ ಮೇಲೆ ಕೂತಿದ್ದಾಳೆ, ಹೆಣ ತರುತ್ತೇನೆಂದು ಕಾಯುತ್ತಿದ್ದಾಳೆ, ನಿನಗೆ ಇಲ್ಲಿ ಹಂದಿ ಚರ್ಮ ಬೇಕಾಯಿತೇ ಎಂದು ಕೇಳಿದ.

ಪ್ಲಾಸಿದೊ ತಲೆ ತಗ್ಗಿಸಿದ. ಚಾದರ ಸರಿಸಿ ಭುಜ ತೋರಿಸಿದ. ಅಂಗೈ ಅಗಲ ಚರ್ಮ ತರಚಿ ಊದಿಕೊಂಡಿತ್ತು.

"ಕೆಳಗೊಂದು ದಿಮ್ಮಿ ಇದೆ ಭಾವ. ಭುಜ ಸವರಿಕೊಂಡು ಹೋಯ್ತು. ಇನ್ನೊಂಚೂರು ಈಚೆಗಿದ್ದಿದ್ರೆ ತಲೆಗೇ ಬಡೀತಿತ್ತು. ಕಂಬದ ಹಿಂದೆ ಮೇಲಕ್ಕೆ ಬಂದೆ, ಯಾರಿಗೂ ಕಾಣ್ಸಿಲ್ಲ. ನೋಡಿದ್ರೆ ದಡದಲ್ಲಿ ಕ್ಯಾಮೆರಾದವನು ಡಬ್ಬಿ ಮೇಲೆ ಪಟಪಟ ಹೊಡೀತಿದ್ದ. ರೀಲು ಸಿಕ್ಕಾಕ್ಕೊಂಡಿದೆ, ಇನ್ನೊಂದ್ಸಲ ಅಂತಾರೆ ಅಂತ ಗೊತ್ತಾಯ್ತು."

"ನಾನು ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹಾರು ಅನ್ನೋಕೇ ಕೂಗ್ತಿದೀಯ ಅಂದ್ಕೊಂಡೆ." ಚಾದರ ಮತ್ತೆ ಹೊದ್ದುಕೊಂಡು ಹೇಳಿದ, "ನೀನು ಕೇಳಿದ್ರೆ ನಾನು ಹೂಂ ಅಂತಿದ್ದೆ ಭಾವ. ಅದಕ್ಕೇ, ಕೇಳೋಕೆ ಮುಂಚೆ ನೀರಿನ ಜೊತೆ ಹೊರಟ್ಹೋದೆ. ಸಂಜೆಗೆ ಬೆಳಕು ಹೋದ ಮೇಲೆ ವಾಪಸ್ ಬರೋಣ ಅಂತಿದ್ದೆ."

ತೆರ್ಯೊ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದ. ಹುಡುಗನ ಮಾತಿನಲ್ಲಿ ದೂರು ಇರಲಿಲ್ಲ, ಅದೇ ಅವನಿಗೆ ಚುಚ್ಚಿತು. ಆದರೆ ಆ ಚುಚ್ಚಿನ ಮೇಲೂ ಮೈಯೆಲ್ಲ ಹಗುರ, ಜ್ವರ ಬಿಟ್ಟವನ ಹಾಗೆ. ದಿಮ್ಮಿ ಅಲ್ಲೇ ಇದೆ, ಹುಡುಗ ಇಲ್ಲಿದ್ದಾನೆ. ಸಾಕು. ಕೆಂಡದ ಬಿಸಿಗೆ ಕಣ್ಣಲ್ಲಿ ನೀರು ಬಂತೆಂದು ತೋಳಿನಿಂದ ಒರೆಸಿಕೊಂಡ.

ಮನೆಯ ಮುಂದಕ್ಕೆ ಬಂದರೆ ಬಾಯ್ಕಿನ್ ಮಡಿಲಲ್ಲಿ ಮಗು ಇತ್ತು. ಅವನನ್ನೂ ಧರ್ಮತಂದೆ ಮಾಡಿಕೊಂಡಿದ್ದರು. ಅವನು ಪ್ಲಾಸಿದೊನನ್ನು ಹತ್ತಿರ ಕರೆದು, ಮಗುವಿನ ಬಾಯೊರೆಸುವ ಬಟ್ಟೆಯಿಂದಲೇ ಕೆನ್ನೆಯಲ್ಲಿ ಉಳಿದಿದ್ದ ಕಪ್ಪನ್ನು ಉಜ್ಜಿ ತೆಗೆದ. ಏನೋ ಮೆಲ್ಲಗೆ ಹೇಳಿದ. ಪ್ಲಾಸಿದೊಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಅದಕ್ಕೂ ಹೂಂ ಎಂದು ತಲೆಯಾಡಿಸಿದ.

ಹೊತ್ತು ಮುಳುಗುವ ಮುನ್ನ ಊರೂರಿಗೆ ಜನ ಸಾಗಿಸುವ ಜೀಪ್ನಿ ಗಾಡಿ ಹಿಡಿದು ಬಿಡಾರಕ್ಕೆ ಬಂದರು. ಕೊರ್ದಿಂಗ್ ಮೂಟೆಯಿಂದ ಎದ್ದು ತಮ್ಮನ ತಲೆ, ಭುಜ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಊಟ ಆಯಿತೇ ಎಂದು ಕೇಳಿದಳು. ಆಯಿತು, ಹಂದಿ, ಶಾವಿಗೆ, ಎಲ್ಲ ಇತ್ತು ಎಂದು ಅವನು ನಿಜವನ್ನೇ ಹೇಳಿದ. ಒದ್ದೆ ಬಟ್ಟೆಯಿಂದ ಬೆನ್ನಿಗೆ ಎರಡು ಬಿದ್ದವು. ಆಮೇಲೆ ಅವನನ್ನು ತಬ್ಬಿಕೊಂಡು ಇಡೀ ಮಧ್ಯಾಹ್ನದ ಅಳುವನ್ನು ಒಟ್ಟಿಗೇ ಅತ್ತಳು. ತಂಡದವರು ಅಡುಗೆ ಸೀದುಹೋಗಿದ್ದರ ಬಗ್ಗೆ ತುಟಿ ಬಿಚ್ಚದೆ ಬಡಿಸಿಕೊಂಡರು.

ಪ್ಲಾಸಿದೊ ಊಹಿಸಿದ್ದು ಸರಿಯಾಗಿತ್ತು. ರೀಲು ಸಿಕ್ಕಿಹಾಕಿಕೊಂಡು ಒಂದು ಚೂರೂ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಕ್ರೆಬ್ಸ್ ಸೇತುವೆಯ ಮೇಲೆ ನಿಂತು, ಹುಡುಗ ಚೆನ್ನಾಗಿದ್ದಾನಲ್ಲ, ಇನ್ನೊಮ್ಮೆ ಹಾರಿಸೋಣ ಎಂದ.

ತೆರ್ಯೊ ಹಾಸಿಗೆಯಲ್ಲಿ ಹೊರಳಾಡುತ್ತ ಒಂದು ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದ. ದಿಮ್ಮಿಯ ಮಾತು, ತಂಡ ಕಟ್ಟಿಕೊಂಡು ಹೊರಟುಹೋಗುವ ಮಾತು, ಮುಂದೆ ಈ ಕಂಪನಿ ಕೆಲಸ ಕೊಡದಿದ್ದರೂ ಸರಿ ಎಂಬ ಮಾತು, ಎಲ್ಲ ಅದರಲ್ಲಿತ್ತು. ಬಾಯಿಗೆ ಬಂದದ್ದು ಇಷ್ಟೇ.

"ಇಲ್ಲ ಸಾರ್. ಇಲ್ಲಿಂದ ಯಾರೂ ಹಾರಲ್ಲ."

ಕ್ರೆಬ್ಸ್ ಅವನನ್ನು ನೋಡಿದ. ಹೊಳೆಯನ್ನು ನೋಡಿದ. ಗಡ್ಡ ಕೆರೆದುಕೊಂಡು ಆಚೆಯ ಗದ್ದೆಯ ಕಡೆ ಕಣ್ಣು ಹಾಯಿಸಿದ. ಅಲ್ಲಿ ರೈತನೊಬ್ಬ ಎಮ್ಮೆಯ ಮೈ ತೊಳೆಯುತ್ತಿದ್ದ.

"ಸರಿ ಬಿಡು," ಎಂದ. "ಎಮ್ಮೆ ಮೇಲೆ ಕೂತು ತಪ್ಪಿಸ್ಕೊಳ್ಳಲಿ."

ಅಷ್ಟೇ. ಕ್ರೆಬ್ಸ್ ಆಗಲೇ ಕ್ಯಾಮೆರಾ ಎಲ್ಲಿಡಬೇಕೆಂದು ಬೆರಳು ತೋರಿಸುತ್ತ ಗದ್ದೆಗೆ ಇಳಿಯುತ್ತಿದ್ದ. ತೆರ್ಯೊ ಹೇಳದೆ ಉಳಿದ ಭಾಷಣವನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಇಷ್ಟು ವರ್ಷ ಬೇಡ ಎಂದರೆ ಆಕಾಶ ಕಳಚಿ ಬೀಳುತ್ತದೆಂದು ತಿಳಿದಿದ್ದೆನಲ್ಲ ಎಂದು ನಗು ಬಂತು.

ಎಮ್ಮೆಗೆ ಬಾಯ್ಕಿನ್ ಹಿಡಿಸಲಿಲ್ಲ. ಅವನು ಹತ್ತಿದೊಡನೆ ಅದು ಕೆಸರಿನಲ್ಲಿ ಮಲಗಿತು. ಎಬ್ಬಿಸಿದರೆ ಹಿಂದಕ್ಕೆ ನಡೆಯಿತು. ಬೆನ್ನಟ್ಟಿ ಬರಬೇಕಿದ್ದ ಖಳರು ಬಂದೂಕು ಹಿಡಿದು, ಅದು ಮುಂದೆ ಹೋಗಲೆಂದು ಸಾಲಾಗಿ ನಿಂತು ಕಾದರು. ತೊಗಲಿನ ಜಾಕೀಟಿನ ವೀರ ಎರಡೂ ಕೊಂಬು ಹಿಡಿದುಕೊಂಡು, ಇದಕ್ಕಿಂತ ಹೊಳೆಯೇ ವಾಸಿಯಿತ್ತು ಮೇಷ್ಟ್ರೆ ಎಂದು ಕೂಗಿ ಹೇಳಿದ. ದಡದಲ್ಲಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊರ್ದಿಂಗ್ ಕೂಡ ಸೌಟು ಹಿಡಿದೇ ಬಂದು ನಿಂತಿದ್ದಳು. ಭುಜಕ್ಕೆ ಇಸ್ಯಾಂಗ್ ಅಜ್ಜಿ ಕೊಟ್ಟ ಎಲೆಯ ಪಟ್ಟಿ ಕಟ್ಟಿಕೊಂಡಿದ್ದ ಪ್ಲಾಸಿದೊ ಮೂಗುದಾರ ಹಿಡಿದು, ಎಮ್ಮೆಯ ಕಿವಿಯಲ್ಲಿ ಏನೋ ಪುಸಲಾಯಿಸುತ್ತ ಮುಂದೆ ಮುಂದೆ ನಡೆದ.

ತೆರ್ಯೊ ಗದ್ದೆಯ ಬದುವಿನ ಮೇಲೆ ಕೂತು ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿದ. ಹಿಂದಿನ ಬೆಳಗಿನಿಂದ ತಾನು ಏನೂ ತಿಂದಿಲ್ಲವೆಂಬುದು ಆಗ ಅವನಿಗೆ ಗೊತ್ತಾಯಿತು. ಹೆಂಡತಿಯನ್ನು ಕೂಗಿ ಕರೆದು, ಅನ್ನ ಏನಾದರೂ ಉಳಿದಿದೆಯೇ ಎಂದು ಕೇಳಿದ.