ಅರವತ್ತು ಸೆಕೆಂಡು

ಬೆನ್ನಿಗೆ ಒದೆ ಬಿದ್ದ ರಭಸಕ್ಕೆ ಲಾರಿ ಮುಗ್ಗರಿಸಿ ಕಾಂಕ್ರೀಟ್ ನೆಲದ ಮೇಲೆ ಬೋರಲಾಗಿ ಬಿದ್ದ. ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪಾಯಿತು. ಎದುರಿಗೆ ಚಿಂದಿಬಟ್ಟೆ ತುಂಬಿದ ಬೊಂಬೆಯೊಂದು ಕೈಕಾಲು ಚಾಚಿ ಮಲಗಿತ್ತು. ಅದನ್ನು ಕಾಪಾಡಲೆಂದೇ ಅವನು ಓಡಿದ್ದು.

"ಅವನೂ ಸತ್ತ, ನೀನೂ ಸತ್ತೆ!" ತರಬೇತಿ ಕೊಡುವ ಉಸ್ತಾದ್ ಕಿರುಚಿದ. "ಮಾಸ್ಕ್ ಎಲ್ಲೋ, ಕತ್ತೆ?"

"ಮರ್ತೋಯ್ತು ಸಾರ್. ಬಿದ್ದಿರೋದು ನೋಡಿದ ತಕ್ಷಣ ಕಾಲು ತಾನಾಗೇ ಓಡ್ತು."

"ಹಂಗೆ ಓಡೋ ಕಾಲನ್ನ ಮುರಿದು ಹಾಕ್ಬೇಕು."

ಇಪ್ಪತ್ತು ವರ್ಷ ಸರಕು ಲಾರಿ ಓಡಿಸಿದ್ದರಿಂದ ಅವನಿಗೆ ಲಾರಿ ಎಂದೇ ಹೆಸರು ಬಿದ್ದಿತ್ತು. ಮಾಲೀಕ ಲಾರಿಗಳನ್ನೆಲ್ಲ ಮಾರಿದ ಮೇಲೆ, ನಲವತ್ತೆರಡರ ವಯಸ್ಸಿನಲ್ಲಿ, ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್ ಕೆಲಸ ಕಲಿಯಲು ಬಂದಿದ್ದ. ಬಾವಿಯಿಂದ ಬರುವ ಕಚ್ಚಾ ಗ್ಯಾಸಿನಲ್ಲಿ ವಿಷವಿರುತ್ತದೆ; ಗಾಳಿಗಿಂತ ಭಾರ, ತಗ್ಗಿನಲ್ಲೇ ತುಂಬಿಕೊಳ್ಳುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಜಾಸ್ತಿಯಾದರೆ ನಾತವೂ ಇಲ್ಲ, ಮೊದಲು ಮೂಗನ್ನು ಸಾಯಿಸಿ ಆಮೇಲೆ ಮನುಷ್ಯನ ಮೇಲೆ ಬೀಳುತ್ತದೆ. ಬೆನ್ನಿಗೆ ಗಾಳಿ ಸಿಲಿಂಡರ್ ಏರಿಸಿ, ಮಾಸ್ಕ್ ಹಾಕಿ, ಅದರ ಐದು ಪಟ್ಟಿ ಬಿಗಿದ ಮೇಲೆಯೇ ಬಿದ್ದವನ ಕಡೆ ಹೆಜ್ಜೆ ಇಡಬೇಕು. ಇಷ್ಟಕ್ಕೂ ಅರವತ್ತು ಸೆಕೆಂಡು. ಹಿಂದೊಮ್ಮೆ ಉಸ್ತಾದನ ಕಣ್ಣೆದುರೇ ಮೂವರು, ಒಬ್ಬನನ್ನು ಎತ್ತಲು ಇನ್ನೊಬ್ಬ ಓಡಿ, ಸಾಲಾಗಿ ಸತ್ತಿದ್ದರು. ಅಂದಿನಿಂದ ಅವನ ಪಾಠವೆಲ್ಲ ಕೈಕಾಲಿನಲ್ಲೇ.

ಲಾರಿಯ ದಪ್ಪ ಬೆರಳುಗಳಿಗೆ ಆ ಪಟ್ಟಿಗಳು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ಎಪ್ಪತ್ತೈದು, ಎಂಬತ್ತು ಸೆಕೆಂಡು ಹಿಡಿಯುತ್ತಿತ್ತು. ನಾಳಿನ ಪರೀಕ್ಷೆಯಲ್ಲೂ ತಪ್ಪಿದರೆ ಮನೆಯ ದಾರಿ. ಅವನ ಜೊತೆಗೇ ಕಲಿಯುತ್ತಿದ್ದ ಉಸ್ತಾದನ ಮಗಳು ನಲವತ್ತಕ್ಕೇ ಮುಗಿಸಿಬಿಡುತ್ತಿದ್ದಳು. ಊಟದ ಬಿಡುವಿನಲ್ಲಿ ಅಪ್ಪನ ಕಣ್ಣುತಪ್ಪಿಸಿ ಅವನಿಗೂ ಹೇಳಿಕೊಡುತ್ತಿದ್ದಳು.

"ಅಣ್ಣಾ, ಇದು ಸ್ಟೀರಿಂಗ್ ಅಲ್ಲ, ಹಂಗೆ ಹಿಂಡ್ಬೇಡಿ. ಕೆಳಗಿನ ಎರಡು, ಕಿವಿ ಹತ್ರದ್ದು ಎರಡು, ನೆತ್ತಿದು ಕೊನೆಗೆ. ಅಷ್ಟೇ!"

ಆ ದಿನ ಮಧ್ಯಾಹ್ನ ಮೂವರೂ ತಗ್ಗಿನಲ್ಲಿದ್ದ ಪಂಪ್ ಶೆಡ್ಡಿಗೆ ಹೋದರು. ಮಗಳು ಮೀಟರ್ ನೋಡಲು ಮುಂದೆ ಇಳಿದಳು, ಇನ್ನಿಬ್ಬರು ಮೇಲೆ ಗೋಡೆಯ ಪಕ್ಕ ನಿಂತಿದ್ದರು. ಪೈಪಿನ ಜೋಡಣೆಯೊಂದು ಗುಂಡು ಹಾರಿದಂತೆ ಸಿಡಿಯಿತು. ಅವಳು ಒಮ್ಮೆ ತಿರುಗಿ ನೋಡಿದಳು, ಅಷ್ಟೇ, ನಿಂತಲ್ಲೇ ಕುಸಿದಳು. ಸೈರನ್ ಕೂಗತೊಡಗಿತು.

ಉಸ್ತಾದ್ ಓಡಿದ. ಮಾಸ್ಕ್ ಇಲ್ಲ, ಸಿಲಿಂಡರ್ ಇಲ್ಲ. ಯಾರ್ಯಾರಿಗೋ ಒದ್ದು ಕಲಿಸಿದ ಪಾಠ ತನ್ನ ಮಗಳು ಬಿದ್ದಾಗ ಅವನ ತಲೆಯಲ್ಲೇ ಉಳಿದಿರಲಿಲ್ಲ.

"ಸಾರ್, ಮಾಸ್ಕ್!" ಲಾರಿ ಅವನ ಅಂಗಿ ಹಿಡಿದೆಳೆದ. ಉಸ್ತಾದ್ ತಿರುಗಿ ಮೊಣಕೈಯಿಂದ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಚಿಮ್ಮಿತು. ಆದರೂ ಬಿಡದಿದ್ದಾಗ ಅಂಗಿ ಹಿಡಿದ ಕೈಯನ್ನು ಹಲ್ಲು ಇಳಿಯುವಂತೆ ಕಚ್ಚಿದ. ಲಾರಿಯ ಇನ್ನೊಂದು ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಸ್ಪ್ಯಾನರ್ ಇತ್ತು. ಬೀಸಿ ಮೊಣಕಾಲಿಗೆ ಬಾರಿಸಿದ. ಮೂಳೆ ಮುರಿದದ್ದು ಸೈರನ್ನಿನ ನಡುವೆಯೂ ಕೇಳಿಸಿತು.

ಗೋಡೆಯ ಪೆಟ್ಟಿಗೆಯಿಂದ ಸಿಲಿಂಡರ್ ಎಳೆದು ಬೆನ್ನಿಗೇರಿಸಿದ. ಮಾಸ್ಕಿನೊಳಗೆ ಅವನದೇ ರಕ್ತ. ಕೆಳಗಿನ ಎರಡು. ಉಸ್ತಾದ್ ಮುರಿದ ಕಾಲನ್ನು ಎಳೆದುಕೊಂಡು, ಕೆಟ್ಟ ಕೆಟ್ಟದಾಗಿ ಬೈಯುತ್ತ, ಮಗಳ ಕಡೆಗೆ ತೆವಳುತ್ತಿದ್ದ. ಲಾರಿ ಅವನ ಅಂಗೈಯನ್ನು ಬೂಟಿನಿಂದ ತುಳಿದು ನಿಂತ. ಕಿವಿಯ ಹತ್ತಿರದ ಎರಡು. ಕಾಲ ಕೆಳಗೆ ಬೆರಳುಗಳು ಒದ್ದಾಡಿದವು. ಹಾಳಾದ ನೆತ್ತಿಯ ಪಟ್ಟಿ ಎರಡು ಸಲ ಜಾರಿತು. ಅವನಿಗೆ ಅಳು ಬಂತು, ಆದರೂ ಕಾಲು ತೆಗೆಯಲಿಲ್ಲ. ಪಟ್ಟಿ ಬಿಗಿದ ಮೇಲೆ ಇಳಿದು ಹೋಗಿ ಅವಳ ಕಾಲರ್ ಹಿಡಿದು ಎಳೆದುಕೊಂಡು ಬಂದ; ಬರುವಾಗ ಅಪ್ಪನನ್ನೂ ಇನ್ನೊಂದು ಕೈಯಲ್ಲಿ ದಿಬ್ಬಕ್ಕೆ ಎಳೆದ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, ಹುಡುಗಿ ಉಳಿಯಬಹುದು, ಆದರೆ ಎಚ್ಚರವಾಗುವವರೆಗೆ ಏನೂ ಹೇಳುವಂತಿಲ್ಲ ಎಂದರು. ಅವಳ ತಾಯಿ ನೇರ ಬಂದು ಲಾರಿಯ ಕೆನ್ನೆಗೆ ಬಾರಿಸಿದಳು.

"ನನ್ ಮಗಳು ಅಲ್ಲಿ ಬಿದ್ದಿದ್ರೆ ನೀನು ನಿಂತ್ಕೊಂಡು ಪಟ್ಟಿ ಕಟ್ಕೊಳ್ತಿದ್ಯಂತಲ್ಲೋ! ಹೋಗೋರ ಕಾಲೂ ಮುರಿದ್ಯಂತಲ್ಲೋ!"

"ಹೌದಮ್ಮ," ಎಂದ ಲಾರಿ. ಇನ್ನೊಂದು ಏಟು ಬಿತ್ತು. ಅದನ್ನೂ ತಿಂದ.

"ಬಿಡೇ ಅವನನ್ನ." ಸ್ಟ್ರೆಚರಿನ ಮೇಲಿಂದ ಉಸ್ತಾದ್ ಹೇಳಿದ. ಮುಖ ಬಿಳಿಚಿತ್ತು, ಕೈಗೆ ಬ್ಯಾಂಡೇಜು. "ಬಾರೋ ಇಲ್ಲಿ. ಎಪ್ಪತ್ತೊಂದು."

"ಏನು ಸಾರ್?"

"ನನ್ ಕೈ ತುಳ್ಕೊಂಡು ನಿಂತಿದ್ಯಲ್ಲ, ಎಣಿಸ್ತಿದ್ದೆ. ಹನ್ನೊಂದು ಸೆಕೆಂಡು ಜಾಸ್ತಿ ಕಣೋ." ಯಾರೆದುರೂ ಅತ್ತವನಲ್ಲ, ಹೆಂಡತಿಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ. "ನಾಳೆ ನಿನ್ನ ಪರೀಕ್ಷೆ. ಸಿಲಿಂಡರ್ ತಗೊಂಡು ಇಲ್ಲಿಗೇ ಬಾ. ಮಲ್ಕೊಂಡೇ ನೋಡ್ತೀನಿ."

ಉಸ್ತಾದನ ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋದರು. ಮಗಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಹೊರಗಿನ ಬೆಂಚಿನಲ್ಲಿ ಲಾರಿ ಕೂತ. ಸ್ವಲ್ಪ ಹೊತ್ತಿಗೆ ಅವನ ಬೆರಳುಗಳು ತಾವಾಗಿಯೇ ಏನೂ ಇಲ್ಲದ ಮುಖದ ಮೇಲೆ ಪಟ್ಟಿ ಎಳೆಯತೊಡಗಿದವು. ಕೆಳಗಿನ ಎರಡು, ಕಿವಿಯ ಹತ್ತಿರದ ಎರಡು, ನೆತ್ತಿಯದು. ಮತ್ತೆ ಮೊದಲಿನಿಂದ. ಬೆಂಚಿನ ಆ ತುದಿಯಲ್ಲಿ ಕೂತ ತಾಯಿ ಅವನ ಕೈಗಳನ್ನು ನೋಡಿದಳು, ಆಮೇಲೆ ಗೋಡೆಯ ಗಡಿಯಾರವನ್ನು ನೋಡಿದಳು.