ರಸೂಲನ ಹರಕೆಯ ತೊಟ್ಟಿಲು

ಹರಕೆಯ ತೊಟ್ಟಿಲು ಮಾಡುವುದರಲ್ಲಿ ಇಡೀ ಚನ್ನಪಟ್ಟಣದಲ್ಲಿ ಖಲಂದರನನ್ನು ಮೀರಿಸುವವರಿರಲಿಲ್ಲ. ಮಗು ಮಲಗಿಸುವ ತೊಟ್ಟಿಲಲ್ಲ, ಅಂಗೈಯಗಲದ ಮರದ ತೊಟ್ಟಿಲು. ಕೆಂಪು ಅರಗು ಹಿಡಿಸಿ ಕೇದಗೆ ಗರಿಯಲ್ಲಿ ಉಜ್ಜಿದನೆಂದರೆ ಅದರಲ್ಲಿ ಮುಖ ಕಾಣಬೇಕು. ಮಕ್ಕಳಿಲ್ಲದವರು ಕ್ಲೋಸ್‌ಪೇಟೆ ದಾರಿಯ ಗುಡ್ಡದ ದರ್ಗಾಕ್ಕೆ ಹರಸಿಕೊಳ್ಳುತ್ತಿದ್ದರು. ಮಗುವಾದರೆ ಅದಕ್ಕೆ ಮೂರು ತುಂಬುವುದರೊಳಗೆ ಅಲ್ಲಿನ ಬೇವಿನ ಮರಕ್ಕೆ ಇಂಥದೊಂದು ತೊಟ್ಟಿಲು ಕಟ್ಟಬೇಕು. ಮುಸಲ್ಮಾನರು, ಒಕ್ಕಲಿಗರು ಎಂಬ ಭೇದವಿಲ್ಲ, ಎಲ್ಲರೂ ಖಲಂದರನ ಬಾಗಿಲಿಗೇ ಬರುತ್ತಿದ್ದರು.

ಅಂಥವನು ಒಂದು ದಿನ ಇದ್ದಕ್ಕಿದ್ದಂತೆ ತೊಟ್ಟಿಲು ಮಾಡುವುದನ್ನೇ ಬಿಟ್ಟ. ಬೆಂಗಳೂರಿನ ದಂಡು ಪೇಟೆಗೆ ಬೊಂಬೆ ಮಾರಲು ಹೋದವನು ದೇವರ ಕಿತಾಬು ತಂದಿದ್ದ, ಸಾಲಿನ ಕೆಳಗೆ ಉರ್ದುವಿನಲ್ಲಿ ಅರ್ಥ ಬರೆದದ್ದು. ಹುಟ್ಟಿದಂದಿನಿಂದ ಅರ್ಥವಿಲ್ಲದೆ ಬಾಯಿಪಾಠ ಒಪ್ಪಿಸಿದವನಿಗೆ ಈಗ ಅರ್ಥ ಸಿಕ್ಕಿತು ನೋಡಿ! ಕರೆದವರಿಗೆ ದೇವರು ಹತ್ತಿರವೇ ಇದ್ದಾನೆ ಅಂತ ಅದರಲ್ಲಿತ್ತು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದಿಲ್ಲ ಅಂತಲೂ ಇತ್ತು. ಓದುತ್ತ ಓದುತ್ತ ಖಲಂದರ್ ಅತ್ತುಬಿಟ್ಟ. ಅಯ್ಯೋ, ಇಷ್ಟು ವರ್ಷ ದೇವರನ್ನು ಕಾಣಿಕೆ ತರದಿದ್ದರೆ ಮುನಿಯುವ ಅಮಲ್ದಾರನೆಂದುಕೊಂಡಿದ್ದೆನಲ್ಲ!

ಕಷ್ಟವೆಂದರೆ ಅವನ ಮನೆಯಲ್ಲೇ ಒಂದು ಹರಕೆ ಬಾಕಿಯಿತ್ತು. ಹೆಂಡತಿ ಹಫೀಜಾ ಎಂಟು ವರ್ಷ ಬರಿ ಮಡಿಲಲ್ಲಿ ಕೂತು, ಗುಡ್ಡಕ್ಕೆ ಹರಸಿಕೊಂಡ ಮೇಲೆ ರಸೂಲ್ ಹುಟ್ಟಿದ್ದ. ಅವನಿಗೆ ಮೂರು ತುಂಬಲು ಎರಡೇ ತಿಂಗಳು. "ಕೊಟ್ಟೋನು ದೇವ್ರು ಕಣೆ. ಮರಕ್ಕೆ ಯಾಕೆ ಕಟ್ಬೇಕು?" ಎಂದು ಖಲಂದರ್ ಕಡ್ಡಿ ಮುರಿದಂತೆ ಹೇಳಿದ. ಹಫೀಜಾ ಗಂಡನ ಮಾತು ಮೀರುವವಳಲ್ಲ.

ರಸೂಲನಿಗೆ ಮೂರು ತುಂಬಿ ಹರಕೆಯ ಗಡುವು ಕಳೆಯಿತು. ಅದೇ ವರ್ಷ ಊರಿಗೆಲ್ಲ ಹಾಳು ಜ್ವರ ಬಂತು. ಬೆಳಿಗ್ಗೆ ಮಾತಾಡಿದವರು ಸಂಜೆಗೆ ಹೆಣ. ರಸೂಲ್ ನಾಲ್ಕೇ ದಿನಕ್ಕೆ ಹೋದ. ಆ ಬೀದಿಯಲ್ಲಿ ತೊಟ್ಟಿಲು ಕಟ್ಟಿದವರ ಮನೆಯಲ್ಲೂ ಮಕ್ಕಳು ಸತ್ತವು, ಅದು ಯಾರ ನೆನಪಿಗೂ ಬರಲಿಲ್ಲ. ಹಫೀಜಾ ಗಂಡನನ್ನು ಒಂದು ಮಾತೂ ಬೈಯಲಿಲ್ಲ. "ಮಾತು ಕೊಟ್ಟೋಳು ನಾನು. ಉಳಿಸ್ಕೊಳ್ನಿಲ್ಲ. ನನ್ ಮಗನ್ನ ನಾನೇ ತಿಂದ್ಕೊಂಡೆ" ಎನ್ನುವಳು. ಅನ್ನ ಸೇರದು, ನಿದ್ದೆ ಹತ್ತದು. ಖಲಂದರ್ ದಿನಾ ಕಿತಾಬು ತೆಗೆದು, ನಿನ್ನ ತಪ್ಪಿಲ್ಲ, ದೇವರು ಹಾಗೆ ಮಾಡುವವನಲ್ಲ ಎಂದು ಓದಿ ಹೇಳುವನು. ಅವಳು "ಹ್ಞೂಂ" ಅನ್ನುವಳು. ಆ ಒಂದು ಮಾತು ಅವಳ ಎದೆಗಿಳಿದರೆ ಸಾಕು, ಅವಳು ಬದುಕುತ್ತಾಳೆ ಎಂದು ಅವನು ಕಾದುಕೊಂಡಿದ್ದ.

ತಿಂಗಳೊಪ್ಪತ್ತಿನಲ್ಲಿ ರಸೂಲನ ತಂಗಿ, ವರ್ಷದ ಕೂಸು ದಿಲ್ಶಾದಳಿಗೂ ಮೈ ಕಾದಿತು.

"ಅಣ್ಣನ ಹರಕೆ ತೀರ್ನಿಲ್ಲ ಅಂತ ತಂಗಿ ಮ್ಯಾಲೆ ಬಂದೈತೆ" ಎಂದು ಹಫೀಜಾ ಅವನ ಕಾಲು ಹಿಡಿದಳು. "ನಿಮ್ ಕಿತಾಬು ನಿಮಗಿರ್ಲಿ. ನಂಗೆ ನನ್ ಮಗಳು ಬೇಕು."

ಮರ ತಂದುಕೊಡುವ ಗೆಳೆಯ ಗಂಗಹನುಮಯ್ಯ ಬೇರೆ ಬೈದ. "ಊರಿಗೆಲ್ಲ ಮಾಡ್ಕೊಟ್ಟಿದ್ದೀಯ. ನಿನ್ ಕೂಸಿಗೆ ಒಂದು ಮಾಡಾಕಕ್ಕೆ ಏನ್ಲಾ ಧಾಡಿ?"

ಎರಡು ದಿನ ಖಲಂದರ್ ಜಗ್ಗಲಿಲ್ಲ. ಮೂರನೆಯ ದಿನ ಕೂಸು ಅಳುವುದನ್ನೂ ಬಿಟ್ಟಿತು. ಆಗ ಅವನು ಎದ್ದು ಹೋಗಿ ಕೆಲಸಕ್ಕೆ ಕೂತ. ಕೈಗೆ ಎಲ್ಲ ನೆನಪಿತ್ತು. ಅರಗು ಹಿಡಿಸುವಾಗ, ತಪ್ಪಾಯಿತು ದೇವರೇ, ಮಗಳ ಮುಖ ನೋಡಿ ಮಾಡುತ್ತಿದ್ದೇನೆ ಎಂದು ಬೇಡಿಕೊಂಡ.

ಮಧ್ಯಾಹ್ನಕ್ಕೆ ತೊಟ್ಟಿಲು ಹಿಡಿದು ಒಳಗೆ ಬಂದ. ಮೂರು ದಿನ ಕಣ್ಣು ಮುಚ್ಚದ ಹಫೀಜಾ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಬಗ್ಗಿ ಕೂಸಿನ ಹಣೆ ಮುಟ್ಟಿದ. ಬೆವರಿತ್ತು, ತಣ್ಣಗಿತ್ತು! ಕತ್ತು, ಎದೆ, ಅಂಗಾಲು ಎಲ್ಲ ಮುಟ್ಟಿ ನೋಡಿದ. ಜ್ವರ ಬಿಟ್ಟಿತ್ತು. ದಿಲ್ಶಾದ್ ಕಣ್ಣು ಬಿಟ್ಟು, ಅವನ ಕೈಯಲ್ಲಿದ್ದ ಕೆಂಪು ತೊಟ್ಟಿಲಿಗೆ ಕೈ ಚಾಚಿದಳು.

ಇದಕ್ಕಿಂತ ಇನ್ನೇನು ಬೇಕಿತ್ತು ಹೇಳಿ? ಹಫೀಜಾಳನ್ನು ಎಬ್ಬಿಸಬೇಕಿತ್ತು. ನೋಡೇ, ತೊಟ್ಟಿಲು ಇನ್ನೂ ನನ್ನ ಕೈಯಲ್ಲೇ ಇದೆ, ಕೂಸು ಉಳಿಯಿತು, ರಸೂಲ್ ಹೋದದ್ದು ನಿನ್ನಿಂದಲ್ಲ ಎನ್ನಬೇಕಿತ್ತು. ತೊಟ್ಟಿಲನ್ನು ಕೂಸಿಗೆ ಆಡಲು ಕೊಡಬೇಕಿತ್ತು. ಕೊಡಲು ಕೈ ಮುಂದೆ ಮಾಡಿದ ಕೂಡ. ಅಷ್ಟರಲ್ಲಿ ಒಂದು ಯೋಚನೆ ಬಂತು. ಮತ್ತೆ ಜ್ವರ ಏರಿದರೆ?

ಅಷ್ಟೇ. ಗೂಡಿನಲ್ಲಿದ್ದ ಕಿತಾಬಿನ ಕಡೆ ತಿರುಗಿ ನೋಡದೆ ತೊಟ್ಟಿಲನ್ನು ಟವಲಿನಲ್ಲಿ ಸುತ್ತಿಕೊಂಡು ಕ್ಲೋಸ್‌ಪೇಟೆ ದಾರಿಯಲ್ಲಿ ಬಿರಬಿರನೆ ನಡೆದ.

ಹೊತ್ತು ಮುಳುಗುವ ಮುಂಚೆ ತಿರುಗಿ ಬಂದಾಗ ಬಾಗಿಲ ತುಂಬ ನೆರೆಹೊರೆಯವರು, ಎಲ್ಲರ ಕೈಯಲ್ಲೂ ಸಕ್ಕರೆ. ಕೂಸು ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿತ್ತು.

"ಕಟ್ಟುದ್ರಾ?" ಎಂದಳು ಹಫೀಜಾ.

"ಕಟ್ದೆ."

"ನೀವು ಕಟ್ಟಿದ್ ಗಳಿಗೇಲೇ ಬುಡ್ತು ಜ್ವರ." ಕೂಸಿನ ತಲೆ ಸವರುತ್ತ ಮೆಲ್ಲಗೆ ಹೇಳಿದಳು. "ಹಂಗಾರೆ ರಸೂಲೂ ಉಳೀತಿದ್ದ."

ಖಲಂದರ್ ಅವಳ ಮುಂದೆ ಕುಕ್ಕರಿಸಿದ. "ಇಲ್ಲ ಕಣೆ, ಹಂಗಲ್ಲ. ನಾನು ಹೊರಡಕ್ಕೆ ಮುಂಚೇನೇ ಬುಟ್ಟಿತ್ತು. ಈ ಕೈಯಾಗೇ ಮುಟ್ಟಿ ನೋಡ್ದೆ. ದೇವರಾಣೆ!"

ಹಫೀಜಾ ಅವನ ಮುಖವನ್ನೇ ನೋಡಿದಳು. ಸಿಟ್ಟಿಲ್ಲ, ಕಣ್ಣಲ್ಲಿ ನೀರೂ ಇಲ್ಲ. "ಬುಟ್ಟಿದ್ದು ಗೊತ್ತಿದ್ಮ್ಯಾಲೆ ಯಾಕೆ ಹೋದ್ರಿ?"

ಅವನ ಕಣ್ಣು ಗೂಡಿನ ಕಿತಾಬಿನ ಕಡೆ ಹೋಯಿತು.

"ನಿಮಗೇ ನಂಬ್ಕೆ ಇಲ್ಲ" ಎಂದು ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡಳು. "ನಾನೇ ತಿಂದ್ಕೊಂಡೆ ಅವನ್ನ."

ಆಮೇಲೆ ಅವಳು ಆ ಮಾತನ್ನು ಮತ್ತೆ ಆಡಲಿಲ್ಲ, ಅವನೂ ಓದಿ ಹೇಳಲು ಹೋಗಲಿಲ್ಲ. ಮಾರನೆಯ ಬೆಳಿಗ್ಗೆಯೇ ಬಾಗಿಲಿಗೆ ಮೂರು ಜನ ತೊಟ್ಟಿಲು ಕೇಳಿಕೊಂಡು ಬಂದಿದ್ದರು. ಖಲಂದರ್ ಮಾಡಿಕೊಟ್ಟ.